ಚೀಟಿಯಿಲ್ಲದ ಪೊಟ್ಟಣಕ್ಕೆ ಯಾವ ಆ್ಯಪ್?

ನಾವು ಮುಖಕ್ಕೆ, ಕೂದಲಿಗೆ, ತುಟಿಗೆ ಹಚ್ಚಿಕೊಳ್ಳುವ ವಸ್ತುಗಳಲ್ಲಿ ಏನೇನು ಬೆರೆತಿದೆ ಎಂದು ತಿಳಿಯುವ ಹೊಣೆ ಯಾರದು? ತಯಾರಿಸುವವರದೋ, ಮಾರುವವರದೋ, ಪರವಾನಗಿ ಕೊಡುವ ಸರ್ಕಾರದ್ದೋ ಅಥವಾ ಅಂಗಡಿಯ ಮುಂದೆ ಮೊಬೈಲು ಹಿಡಿದು ನಿಂತ ಹದಿನೆಂಟರ ಹರೆಯದ ವಿದ್ಯಾರ್ಥಿನಿಯದೋ? ಈ ಪ್ರಶ್ನೆಗೆ ಇಂದಿನ ಮಾರುಕಟ್ಟೆ ಸದ್ದಿಲ್ಲದೆ ಒಂದು ಉತ್ತರ ಕೊಟ್ಟುಬಿಟ್ಟಿದೆ. ‘ಆ್ಯಪ್ ಇದೆಯಲ್ಲ, ನೀವೇ ನೋಡಿಕೊಳ್ಳಿ’ ಎಂಬುದೇ ಆ ಉತ್ತರ. ಗದಗ-ಬೆಟಗೇರಿಯ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮ ತಪ್ಪಲಿನ ಮಕ್ಕಳೂ ಇದನ್ನು ನಂಬತೊಡಗಿದ್ದಾರೆ. ಈ ಉತ್ತರ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು ಎಂಬುದು ಈ ಲೇಖನದ ವಾದ.

ಮೊದಲಿಗೆ ಆ್ಯಪ್‌ಗಳ ಬಗ್ಗೆ ನ್ಯಾಯವಾಗಿಯೇ ಮಾತನಾಡೋಣ. ಅಮೆರಿಕದ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ 2004ರಲ್ಲಿ ‘ಸ್ಕಿನ್ ಡೀಪ್’ ಎಂಬ ಮಾಹಿತಿ ಭಂಡಾರವನ್ನು ಆರಂಭಿಸಿತು. ಸೌಂದರ್ಯ ಸಾಧನಗಳಲ್ಲಿರುವ ರಾಸಾಯನಿಕಗಳಿಗೆ ಅಂಕ ಕೊಟ್ಟು ಜನರ ಮುಂದಿಡುವ ಪರಿಪಾಠ ಅಲ್ಲಿಂದ ವ್ಯಾಪಕವಾಯಿತು. 2013ರಲ್ಲಿ ಜರ್ಮನಿಯ ಪರಿಸರ ಸಂಘಟನೆಯಾದ ಬುಂಡ್ ‘ಟಾಕ್ಸ್‌ಫಾಕ್ಸ್’ ಎಂಬ ಆ್ಯಪನ್ನು ತಂದಿತು. 2017ರಲ್ಲಿ ಫ್ರಾನ್ಸಿನಿಂದ ‘ಯೂಕಾ’ ಬಂದಿತು. ಪೊಟ್ಟಣದ ಮೇಲಿನ ಪಟ್ಟೆಗೆರೆಗಳ ಎದುರು ಮೊಬೈಲಿನ ಕ್ಯಾಮೆರಾ ಹಿಡಿದರೆ ಸಾಕು, ಹಸಿರು, ಕಿತ್ತಳೆ ಅಥವಾ ಕೆಂಪು ಬಣ್ಣದ ಚುಕ್ಕೆ ಮೂಡುತ್ತದೆ. ಕಂಪನಿಗಳು ಹೇಳಲು ಬಯಸದಿದ್ದುದನ್ನು ಜನರಿಗೆ ತಿಳಿಸುವ ಈ ಪ್ರಯತ್ನದ ಹಿಂದಿನ ಸದುದ್ದೇಶವನ್ನು ಅಲ್ಲಗಳೆಯಲಾಗದು. ಆದರೆ ಅದು ಹುಟ್ಟಿದ ನೆಲ ಯಾವುದು, ಅಲ್ಲಿ ಅದು ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಬೇಕು.

ಯುರೋಪಿನಲ್ಲಿ 2013ರ ಜುಲೈನಿಂದ ಪೂರ್ಣವಾಗಿ ಜಾರಿಯಲ್ಲಿರುವ ಸೌಂದರ್ಯ ಸಾಧನಗಳ ಕಾಯಿದೆಯ ಪ್ರಕಾರ, ಯಾವುದೇ ವಸ್ತು ಮಾರುಕಟ್ಟೆಗೆ ಬರುವ ಮೊದಲೇ ಅದರ ಸುರಕ್ಷತೆಯ ಪರಿಶೀಲನೆ ನಡೆದು, ಅದರ ವಿವರ ಸರ್ಕಾರಿ ದಾಖಲೆಯನ್ನು ಸೇರಬೇಕು. ಸಾವಿರದ ಮುನ್ನೂರಕ್ಕೂ ಹೆಚ್ಚು ಪದಾರ್ಥಗಳು ಅಲ್ಲಿ ನಿಷಿದ್ಧ. ಪೊಟ್ಟಣ ಎಷ್ಟೇ ಚಿಕ್ಕದಿರಲಿ, ಒಳಗಿನ ಪದಾರ್ಥಗಳ ಪಟ್ಟಿಯನ್ನು ಅದರ ಮೇಲೋ, ಜೊತೆಯ ಚೀಟಿಯಲ್ಲೋ ಕೊಡಲೇಬೇಕು. ಅಂದರೆ ಆ್ಯಪ್ ಅಲ್ಲಿ ಕಾಯಿದೆಯ ಹೆಗಲ ಮೇಲೆ ಕುಳಿತು ನೋಡುತ್ತಿದೆ. ಕಾಯಿದೆಯ ಹೆಗಲಿಲ್ಲದ ಕಡೆ ಅದೇ ಆ್ಯಪ್‌ನ ಕಣ್ಣಿಗೆ ಏನು ಕಂಡೀತು?

ಬಡವರ ಪೊಟ್ಟಣಕ್ಕೆ ವಿನಾಯಿತಿ

ನಮ್ಮ ದೇಶದಲ್ಲೂ ಕಾಯಿದೆ ಇಲ್ಲವೆಂದಲ್ಲ. 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಅಧಿನಿಯಮವಿದೆ. ಅದರಡಿ 2020ರ ಡಿಸೆಂಬರಿನಲ್ಲಿ ಪ್ರತ್ಯೇಕವಾದ ಸೌಂದರ್ಯ ಸಾಧನಗಳ ನಿಯಮಾವಳಿಯೂ ಬಂದಿತು. ಶೇಕಡಾ ಒಂದಕ್ಕಿಂತ ಹೆಚ್ಚು ಪ್ರಮಾಣದಲ್ಲಿರುವ ಪದಾರ್ಥಗಳನ್ನು ಇಳಿಕೆಯ ಕ್ರಮದಲ್ಲಿಯೂ, ಅದಕ್ಕಿಂತ ಕಡಿಮೆ ಇರುವವನ್ನು ಅವುಗಳ ನಂತರ ಯಾವುದೇ ಕ್ರಮದಲ್ಲಿಯೂ ಮುದ್ರಿಸಬೇಕೆಂದು ಆ ನಿಯಮ ಹೇಳುತ್ತದೆ. ಓದಿದರೆ ಸಮಾಧಾನವಾಗುತ್ತದೆ. ಆದರೆ ಅದರ ಬೆನ್ನಿಗೇ ಒಂದು ಸಾಲು ಅಂಟಿಕೊಂಡಿದೆ: ದ್ರವವಾದರೆ 60 ಮಿಲಿಲೀಟರಿಗಿಂತ, ಘನ ಅಥವಾ ಅರೆಘನವಾದರೆ 30 ಗ್ರಾಮಿಗಿಂತ ಕಡಿಮೆಯಿರುವ ಪೊಟ್ಟಣಗಳ ಮೇಲೆ ಈ ಪಟ್ಟಿ ಇರಬೇಕಾಗಿಲ್ಲ. ಹಳೆಯ ನಿಯಮದಲ್ಲಿದ್ದ ವಿನಾಯಿತಿಯನ್ನೇ ಹೊಸದರಲ್ಲೂ ಮುಂದುವರಿಸಲಾಗಿದೆ.

ಈ ಒಂದು ಸಾಲಿನ ಅರ್ಥವನ್ನು ತಿಳಿಯಬೇಕಾದರೆ ಮುಂಡರಗಿಯ, ಶಿರಹಟ್ಟಿಯ, ಲಕ್ಷ್ಮೇಶ್ವರದ ಯಾವುದೇ ಕಿರಾಣಿ ಅಂಗಡಿಯ ಮುಂದೆ ನಿಂತು ನೋಡಬೇಕು. ಬಾಗಿಲಿಗೆ ತೋರಣ ಕಟ್ಟಿದಂತೆ ತೂಗುಬಿದ್ದಿರುವುದು ಏನು? ಒಂದು, ಎರಡು, ಐದು, ಹತ್ತು ರೂಪಾಯಿಯ ಪೊಟ್ಟಣಗಳು. ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಕೂದಲಿನ ಬಣ್ಣ, ಎಣ್ಣೆ. ಇವುಗಳಲ್ಲಿ ಯಾವುದಾದರೂ 60 ಮಿಲಿಲೀಟರನ್ನೋ 30 ಗ್ರಾಮನ್ನೋ ಮುಟ್ಟುತ್ತದೆಯೇ? ನಗರದ ದೊಡ್ಡ ಅಂಗಡಿಯಲ್ಲಿ ದೊಡ್ಡ ಸೀಸೆ ಕೊಳ್ಳುವವರಿಗೆ ಪದಾರ್ಥಗಳ ಪಟ್ಟಿಯನ್ನು ಓದುವ ಹಕ್ಕಿದೆ. ಕೂಲಿ ಮುಗಿಸಿ ಬಂದು ಒಂದು ಜಳಕಕ್ಕಾಗುವಷ್ಟು ಕೊಳ್ಳುವ ಹೆಣ್ಣುಮಗಳಿಗೆ ಆ ಹಕ್ಕಿಲ್ಲ. ಒಳಗಿನ ದ್ರವ ಒಂದೇ, ಹಚ್ಚಿಕೊಳ್ಳುವ ಚರ್ಮವೂ ಒಂದೇ ಬಗೆಯದು. ಮಾಹಿತಿ ಮಾತ್ರ ಕೊಳ್ಳುವ ಶಕ್ತಿಗೆ ತಕ್ಕಷ್ಟು. ಕೆಲವು ಕಂಪನಿಗಳು ತಾವಾಗಿಯೇ ಸಣ್ಣ ಪೊಟ್ಟಣದ ಮೇಲೂ ಪಟ್ಟಿಯನ್ನು ಮುದ್ರಿಸುತ್ತವೆ ಎಂಬುದು ನಿಜ. ಆದರೆ ಅದು ಅವುಗಳ ಔದಾರ್ಯವೇ ಹೊರತು ನಮ್ಮ ಹಕ್ಕಲ್ಲ.

ಪೊಟ್ಟಣದ ಕಥೆ ನಮ್ಮ ನೆರೆಯಲ್ಲಿಯೇ ಆರಂಭವಾದುದು. ತಮಿಳುನಾಡಿನ ಕಡಲೂರಿನಲ್ಲಿ 1970ರ ದಶಕದಲ್ಲಿ ಚಿನ್ನಿ ಕೃಷ್ಣನ್ ಎಂಬವರು ಶಾಂಪೂವನ್ನು ಸಣ್ಣ ಪೊಟ್ಟಣಕ್ಕೆ ತುಂಬಿ ಮಾರತೊಡಗಿದರು. ಉಳ್ಳವರು ಬಳಸುವುದನ್ನು ಇಲ್ಲದವರೂ ಬಳಸುವಂತಾಗಬೇಕೆಂಬುದು ಅದರ ಆಶಯವಾಗಿತ್ತು. 1983ರಲ್ಲಿ ಅವರ ಮಗ ಸಿ.ಕೆ. ರಂಗನಾಥನ್ ಅದೇ ಹಾದಿಯಲ್ಲಿ ಚಿಕ್ ಶಾಂಪೂ ಆರಂಭಿಸಿದರು. ಮುಂದೆ ಬೃಹತ್ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು. ವಸ್ತುವಿನ ವಿಷಯದಲ್ಲಿ ಬಂದ ಆ ಸಮಾನತೆ ಮಾಹಿತಿಯ ವಿಷಯದಲ್ಲಿ ಇಂದಿಗೂ ಬರಲಿಲ್ಲ. ಪಟ್ಟಿಯೇ ಇಲ್ಲದ ಪೊಟ್ಟಣದ ಮುಂದೆ ಯಾವ ಆ್ಯಪ್ ಏನನ್ನು ಓದಬೇಕು? ಜಾತ್ರೆಯ ಬಳೆಯಂಗಡಿಯಲ್ಲಿ ಸಿಗುವ ಕಾಡಿಗೆ, ತುಟಿಬಣ್ಣ, ಮೆಹೆಂದಿಯ ಕೋನುಗಳ ಮೇಲೆ ಎಷ್ಟೋ ಸಲ ಪಟ್ಟೆಗೆರೆಯೂ ಇರುವುದಿಲ್ಲ, ತಯಾರಕರ ವಿಳಾಸವೂ ಇರುವುದಿಲ್ಲ. ಪ್ಯಾರಿಸ್ಸಿನಲ್ಲಿ ಕಲೆಹಾಕಿದ ಮಾಹಿತಿ ಭಂಡಾರದಲ್ಲಿ ಶಿರಹಟ್ಟಿಯ ಫಕೀರೇಶ್ವರ ಜಾತ್ರೆಯ ಕಾಡಿಗೆ ಡಬ್ಬಿಯನ್ನು ಹುಡುಕುವುದು ಕನ್ನಡಿಯೊಳಗಿನ ಗಂಟಿಗೆ ಕೈಚಾಚಿದಂತೆ.

ಬೆಳ್ಳಗಿರುವುದೆಲ್ಲ ಹಾಲಲ್ಲ

ಪಟ್ಟಿ ಇದ್ದರೂ ಸಾಲದು ಎಂಬುದು ಎರಡನೆಯ ಮಾತು. ಆ್ಯಪ್ ಓದುವುದು ಅಚ್ಚಾದುದನ್ನು ಮಾತ್ರ. ಅತ್ಯಂತ ಅಪಾಯಕಾರಿಯಾದುದನ್ನು ಯಾರೂ ಅಚ್ಚು ಹಾಕುವುದಿಲ್ಲ.

ಪಾದರಸವನ್ನೇ ನೋಡಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಉತ್ಪತ್ತಿಯಾಗದಂತೆ ಅದು ತಡೆಯುತ್ತದೆ. ಹಾಗಾಗಿ ‘ಬೆಳ್ಳಗಾಗಿಸುವ’ ಕ್ರೀಮುಗಳಿಗೆ ಅದನ್ನು ಬೆರೆಸುವ ದುಷ್ಟ ಪದ್ಧತಿಯಿದೆ. ಚರ್ಮದ ಮೂಲಕ ಒಳಸೇರಿದ ಪಾದರಸ ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರ ಜನವರಿಯಲ್ಲಿ ಪ್ರಕಟಿಸಿದ ಪರೀಕ್ಷಾ ವರದಿಯಲ್ಲಿ 32 ಬೆಳ್ಳಗಾಗಿಸುವ ಕ್ರೀಮುಗಳ ಪೈಕಿ 14ರಲ್ಲಿ ಪಾದರಸ ಕಂಡುಬಂದಿತ್ತು. 30 ತುಟಿಬಣ್ಣಗಳ ಪೈಕಿ 15ರಲ್ಲಿ ಕ್ರೋಮಿಯಂ, 13ರಲ್ಲಿ ನಿಕ್ಕಲ್ ಇದ್ದವು. ಇದಕ್ಕಿಂತಲೂ ಕಳವಳಕಾರಿಯಾದುದು ಕೇರಳದ ಮಲಪ್ಪುರಂ ಜಿಲ್ಲೆಯ ಕೊಟ್ಟಕ್ಕಲ್‌ನ ವೈದ್ಯರು ದಾಖಲಿಸಿದ ಪ್ರಕರಣಗಳು. 2021ರ ಜುಲೈನಿಂದ 2023ರ ಸೆಪ್ಟೆಂಬರಿನವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯಿಂದ ಬಂದ 22 ರೋಗಿಗಳಲ್ಲಿ 15 ಮಂದಿಗೆ ಅಪರೂಪದ ಒಂದು ಲಕ್ಷಣ ಸಮಾನವಾಗಿತ್ತು. ಅವರಲ್ಲಿ 13 ಮಂದಿ ಚರ್ಮ ಬೆಳ್ಳಗಾಗಿಸುವ ಕ್ರೀಮು ಬಳಸಿದವರು. ಅಂಥ ಯಾವ ಕ್ರೀಮಿನ ಡಬ್ಬಿಯ ಮೇಲೆ ‘ಪಾದರಸ’ ಎಂದು ಬರೆದಿದ್ದೀತು? ಬರೆಯದ್ದನ್ನು ಆ್ಯಪ್ ಓದೀತೇ? ಪಟ್ಟಿಯಲ್ಲಿ ನೀರು, ಮೇಣ, ಸುಗಂಧ ಎಂದಷ್ಟೇ ಇದ್ದರೆ ಅದು ನಿಷ್ಕಪಟವಾಗಿ ಹಸಿರು ಚುಕ್ಕೆಯನ್ನೇ ತೋರಿಸುತ್ತದೆ.

ನಮ್ಮ 2020ರ ನಿಯಮಾವಳಿ ಪಾದರಸ ಬೆರೆಸುವುದನ್ನು ನಿಷೇಧಿಸಿದೆ. ಕಣ್ಣಿನ ಸುತ್ತ ಹಚ್ಚುವ ಸಾಧನಗಳಲ್ಲಿ ಕೆಡದಂತೆ ಕಾಯಲು ಹತ್ತು ಲಕ್ಷಕ್ಕೆ 70 ಭಾಗ, ಉಳಿದವುಗಳಲ್ಲಿ ಅನುದ್ದೇಶಿತವಾಗಿ ಸೇರಿದ್ದರೆ ಹತ್ತು ಲಕ್ಷಕ್ಕೆ ಒಂದು ಭಾಗ ಎಂಬ ಮಿತಿಯನ್ನಷ್ಟೇ ಇಟ್ಟಿತ್ತು. 2017ರಲ್ಲಿ ಜಾರಿಗೆ ಬಂದ ಮಿನಮಾಟ ಒಪ್ಪಂದದ ಸದಸ್ಯ ರಾಷ್ಟ್ರಗಳು 2023ರಲ್ಲಿ ಇನ್ನೂ ಮುಂದೆ ಹೋಗಿ, ಪಾದರಸ ಬೆರೆಸಿದ ಸೌಂದರ್ಯ ಸಾಧನಗಳೆಲ್ಲವನ್ನೂ 2025ರೊಳಗೆ ಕೊನೆಗಾಣಿಸಲು ನಿರ್ಧರಿಸಿದವು. ಕಾಗದದ ಮೇಲೆ ಕೊರತೆಯಿಲ್ಲ. ಮುಂಡರಗಿಯ ಅಂಗಡಿಯಿಂದ ಒಂದು ಡಬ್ಬಿಯನ್ನು ಎತ್ತಿ ಪ್ರಯೋಗಾಲಯಕ್ಕೆ ಒಯ್ಯುವ ಕೈಗೆ ಮಾತ್ರ ಕೊರತೆಯಿದೆ.

ನಮ್ಮದೇ ಭಾಗದ ಉದಾಹರಣೆಯೊಂದನ್ನು ಗಮನಿಸಿ. ಮುಂಡರಗಿ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಅದನ್ನು ಕಣ್ಣಿನಿಂದ ಕಂಡುಕೊಳ್ಳಿ, ಮೊಬೈಲಿನಿಂದ ಪತ್ತೆಹಚ್ಚಿ ಎಂದು ಯಾರಾದರೂ ಹಳ್ಳಿಗರಿಗೆ ಹೇಳಿದ್ದುಂಟೆ? ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು, ಸರ್ಕಾರವೇ ಪರೀಕ್ಷಿಸಬೇಕು, ಸರ್ಕಾರವೇ ಬೇರೆ ನೀರು ಕೊಡಬೇಕು ಎಂದೇ ನಾವು ಕೇಳಿದೆವು. ಕುಡಿಯುವ ನೀರಿಗೆ ಒಂದು ನ್ಯಾಯ, ಮುಖಕ್ಕೆ ಹಚ್ಚುವ ಕ್ರೀಮಿಗೆ ಇನ್ನೊಂದು ನ್ಯಾಯವೇಕೆ?

ಇಂಥ ಇನ್ನೂ ಕೆಲವು ವಸ್ತುಗಳು ನಮ್ಮ ಮನೆಗಳಲ್ಲಿವೆ. ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಒಂದು ಫೀನಾಲ್ ಸಂಯುಕ್ತದಿಂದ ಹಣೆಯ ನಡುವೆ ಬಿಳಿ ಮಚ್ಚೆ ಮೂಡುವುದನ್ನು ನಮ್ಮ ದೇಶದ ಚರ್ಮವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಪ್ಪಟ ಮದರಂಗಿ ಕೊಡುವುದು ಕಿತ್ತಳೆಗೆಂಪು ಬಣ್ಣವನ್ನು. ‘ಕಪ್ಪು ಮೆಹೆಂದಿ’ಯ ಕಪ್ಪಿಗೆ ಸಾಮಾನ್ಯವಾಗಿ ಕಾರಣ ಕೂದಲಿನ ಬಣ್ಣದಲ್ಲಿ ಬಳಸುವ ಪ್ಯಾರಾ-ಫಿನೈಲೀನ್‌ಡೈಅಮೈನ್. ಚರ್ಮದ ಮೇಲೆ ಬೊಬ್ಬೆ ಎಬ್ಬಿಸಬಲ್ಲ ಈ ಪದಾರ್ಥ ಹೊಟ್ಟೆಗೆ ಹೋದರೆ ಗಂಟಲು ಊದಿಸಿ, ಸ್ನಾಯುಗಳನ್ನು ಕರಗಿಸಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಸ್ಟೀರಾಯ್ಡ್ ಇರುವ ಮುಲಾಮುಗಳನ್ನು ಬಣ್ಣ ತಿಳಿಯಾಗಲೆಂದು ತಿಂಗಳುಗಟ್ಟಲೆ ಹಚ್ಚುವವರಿದ್ದಾರೆ. ಅಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರ ಮಾರ್ಚಿನಲ್ಲಿ ಅಧಿಸೂಚಿಸಿತು. ಅವು ಕಾನೂನಿನ ಲೆಕ್ಕದಲ್ಲಿ ಸೌಂದರ್ಯ ಸಾಧನಗಳೇ ಅಲ್ಲ, ಔಷಧಗಳು. ಸೌಂದರ್ಯ ಸಾಧನಗಳ ಆ್ಯಪ್‌ಗೆ ಅವುಗಳ ಗೊಡವೆಯಿಲ್ಲ.

ತಿರುಳ್ಗನ್ನಡದ ನೆಲದಲ್ಲಿ ಕನ್ನಡವಿಲ್ಲದ ಚೀಟಿ

ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆಯೆಂದು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಅಂಥ ಊರಿನ ಅಂಗಡಿಯಲ್ಲಿ ಮಾರಾಟವಾಗುವ ಕ್ರೀಮಿನ ಪದಾರ್ಥಗಳ ಪಟ್ಟಿ ಇರುವುದು ಇಂಗ್ಲಿಷ್ ಮತ್ತು ಲ್ಯಾಟಿನ್ ಬೆರೆತ ಭಾಷೆಯಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ನೀರಿಗೆ ‘ಆಕ್ವಾ’, ಸುಗಂಧಕ್ಕೆ ‘ಪರ್ಫ್ಯೂಮ್’. ಈ ‘ಪರ್ಫ್ಯೂಮ್’ ಎಂಬ ಒಂದೇ ಪದದ ಸೆರಗಿನಲ್ಲಿ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಚರ್ಮಕ್ಕೆ ಒಗ್ಗದ 26 ಸುಗಂಧಗಳನ್ನು ಹೆಸರಿಸಿಯೇ ಬರೆಯಬೇಕೆಂದು ಯುರೋಪು ಕಡ್ಡಾಯ ಮಾಡಿತ್ತು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೇಲಕ್ಕೆ ಹಿಗ್ಗಿಸಿತು.

‘ಇಷ್ಟು ಚಿಕ್ಕ ಪೊಟ್ಟಣದಲ್ಲಿ ಕನ್ನಡದಲ್ಲಿ ಮುದ್ರಿಸುವುದು ಸಾಧ್ಯವೇ?’ ಎಂದು ಕೇಳುವವರಿದ್ದಾರೆ. ಸಾಧ್ಯವೆಂದು ನಮ್ಮ ಕಾನೂನೇ ಹೇಳಿದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೀಟನಾಶಕದ ಜೊತೆಗಿರುವ ಮಾಹಿತಿ ಪತ್ರ ಹಿಂದಿ, ಇಂಗ್ಲಿಷ್‌ಗಳ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲಿಯೂ ಇರಬೇಕು. ಹತ್ತಿಗೆ, ಮೆಣಸಿನಕಾಯಿಗೆ ಸಿಂಪಡಿಸುವ ಸೀಸೆಯ ಜೊತೆ ಮಡಿಚಿಟ್ಟ ಆ ಕಾಗದ ನಮ್ಮ ರೈತರಿಗೆ ಪರಿಚಿತ. ಕೂದಲಿನ ಬಣ್ಣಕ್ಕೂ ಇಂಥದೇ ನಿಯಮವಿದೆ. ‘ಚರ್ಮ ಉರಿಯಬಹುದು, ಮೊದಲು ಪರೀಕ್ಷಿಸಿ ನೋಡಿ, ಹುಬ್ಬು ರೆಪ್ಪೆಗಳಿಗೆ ಹಚ್ಚಿದರೆ ಕುರುಡಾಗಬಹುದು’ ಎಂಬ ಅರ್ಥದ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿಯೂ ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕು. ಕೀಟನಾಶಕಕ್ಕೆ, ಕೂದಲಿನ ಬಣ್ಣಕ್ಕೆ ಸಾಧ್ಯವಾದುದು ಕ್ರೀಮಿಗೆ ಏಕೆ ಅಸಾಧ್ಯ? ನಟಿಯ ನಗುಮುಖಕ್ಕೆ ಪೊಟ್ಟಣದ ಅರ್ಧ ಭಾಗ ಸಿಗುವಾಗ ಪದಾರ್ಥಗಳ ಹೆಸರಿಗೆ ನಾಲ್ಕು ಸಾಲು ಸಿಗದೆಂಬುದು ನಂಬತಕ್ಕ ಮಾತಲ್ಲ. ಪೊಟ್ಟಣಗಳು ಸರಮಾಲೆಯಾಗಿಯೇ ಅಂಗಡಿಗೆ ಬರುತ್ತವೆ. ಆ ಮಾಲೆಯ ತುದಿಗೆ ಒಂದು ಚೀಟಿಯನ್ನು ಲಗತ್ತಿಸಬಹುದು, ಪೊಟ್ಟಣಗಳ ರಟ್ಟಿನ ಪೆಟ್ಟಿಗೆಯ ಮೇಲೆ ಮುದ್ರಿಸಿ ಅಂಗಡಿಯಲ್ಲಿ ತೂಗುಹಾಕಬಹುದು. ಮನಸ್ಸಿದ್ದರೆ ಮಾರ್ಗ.

ಹಸಿರು ಚುಕ್ಕೆಯ ಭ್ರಮೆ

ಕೃಷಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೊಂದು ಹಸಿರು ಬಣ್ಣದ ಪರಿಚಯವಿದೆ. ಕೀಟನಾಶಕದ ಡಬ್ಬಿಯ ಮೇಲೆ ಓರೆಯಾಗಿ ನಿಂತ ಚೌಕವೊಂದಿರುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾದರೆ ಅತ್ಯಂತ ವಿಷಕಾರಿ, ಹಳದಿಯಾದರೆ ಹೆಚ್ಚು ವಿಷಕಾರಿ, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ ವಿಷಕಾರಿ. ಹಸಿರೆಂದರೆ ವಿಷವಲ್ಲ ಎಂದು ಭಾವಿಸಿ ಬರಿಗೈಯಲ್ಲಿ ಕಲಸುವ ರೈತರು ಇಂದಿಗೂ ಇದ್ದಾರೆ. ಬಣ್ಣ ಹೇಳುವುದು ಒಂದು ಶ್ರೇಣಿಯನ್ನು ಮಾತ್ರ. ಅಪಾಯವೆಂಬುದು ಪದಾರ್ಥದ ಗುಣ, ಪ್ರಮಾಣ, ಹಚ್ಚುವ ಜಾಗ, ಹಚ್ಚುವ ಕಾಲ ಇವೆಲ್ಲ ಸೇರಿ ಆಗುವ ಸಂಗತಿ. ಆ್ಯಪ್‌ಗಳು ಓದುವ ಪಟ್ಟಿಯಲ್ಲಿ ಪದಾರ್ಥದ ಹೆಸರಿರುತ್ತದೆ, ಪ್ರಮಾಣ ಇರುವುದಿಲ್ಲ. ಹೆಸರನ್ನಷ್ಟೇ ನೋಡಿ ತೀರ್ಪು ಕೊಡುವುದು ಬೀಜದ ಚೀಲ ನೋಡಿ ಇಳುವರಿ ಹೇಳಿದಂತೆ.

ಇಂಥ ತೀರ್ಪುಗಳು ತಂದೊಡ್ಡಿದ ಅನಾಹುತವೂ ದಾಖಲಾಗಿದೆ. ಕೆಡದಂತೆ ಕಾಯುವ ಪ್ಯಾರಾಬೆನ್‌ಗಳ ಬಗ್ಗೆ ಆತಂಕ ಹಬ್ಬಿದಾಗ ಯುರೋಪು 2014ರಲ್ಲಿ ಐದು ಬಗೆಯ ಪ್ಯಾರಾಬೆನ್‌ಗಳನ್ನು ನಿಷೇಧಿಸಿ, ಉಳಿದ ಕೆಲವನ್ನು ಮಿತಿಯೊಳಗೆ ಉಳಿಸಿಕೊಂಡಿತು. ಆದರೆ ಮಾರುಕಟ್ಟೆ ಇಂಥ ಸೂಕ್ಷ್ಮವನ್ನು ಬಲ್ಲದೇ? ‘ಪ್ಯಾರಾಬೆನ್ ರಹಿತ’ ಎಂಬ ಘೋಷಣೆಗಾಗಿ ಅನೇಕ ತಯಾರಕರು ಮೀಥೈಲ್ ಐಸೋಥಯಾಜೋಲಿನೋನ್ ಎಂಬ ಬೇರೊಂದು ಪದಾರ್ಥದ ಕಡೆಗೆ ತಿರುಗಿದರು. ಚರ್ಮದ ಅಲರ್ಜಿ ಯಾವ ಪ್ರಮಾಣದಲ್ಲಿ ಏರಿತೆಂದರೆ, ಅಮೆರಿಕದ ಚರ್ಮವೈದ್ಯರ ಸಂಘವೊಂದು ಅದನ್ನು 2013ರ ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತು. ಹಚ್ಚಿ ಬಿಡುವ ಸಾಧನಗಳಲ್ಲಿ ಅದನ್ನು ಯುರೋಪು ಮುಂದೆ ನಿಷೇಧಿಸಬೇಕಾಯಿತು. ಕೆಂಪು ಚುಕ್ಕೆಗೆ ಹೆದರಿ ಓಡಿದವರು ಬಾಣಲೆಯಿಂದ ಬೆಂಕಿಗೆ ಬಿದ್ದರು.

‘ಹರ್ಬಲ್’ ಎಂದೊಡನೆ ನಿಶ್ಚಿಂತರಾಗುವವರಿಗೂ ಒಂದು ಮಾತು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಏನಾಗುತ್ತದೆ, ಕೇರುಬೀಜದ ಎಣ್ಣೆ ತಾಗಿದರೆ ಚರ್ಮ ಹೇಗೆ ಬೊಬ್ಬೆಯೇಳುತ್ತದೆ, ಗುಲಗಂಜಿಯ ಬೀಜದಲ್ಲಿ ಎಂಥ ವಿಷವಿದೆ ಎಂಬುದು ನಮ್ಮ ಹಿರಿಯರಿಗೆ ಆ್ಯಪ್ ಇಲ್ಲದೆಯೇ ಗೊತ್ತಿತ್ತು. ಸಸ್ಯಜನ್ಯವೆಲ್ಲ ಅಮೃತವಲ್ಲ, ರಾಸಾಯನಿಕವೆಲ್ಲ ವಿಷವಲ್ಲ. ಈ ವಿವೇಕವನ್ನು ಬಣ್ಣದ ಚುಕ್ಕೆಯಿಂದ ಕಲಿಯಲಾಗದು.

ಆ್ಯಪ್‌ನ ಕಣ್ಣಿಗೆ ಬೀಳದ ಗುಡ್ಡ

ನಮ್ಮ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಆ್ಯಪ್ ನೋಡುವುದು ಕೊಳ್ಳುವವರ ಚರ್ಮದ ಸುರಕ್ಷತೆಯನ್ನು. ಆ ವಸ್ತು ಎಲ್ಲಿಂದ ಬಂದಿತು, ಯಾರ ಬೆವರಿನಿಂದ ಬಂದಿತು, ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅದರ ಅಂಕದಲ್ಲಿ ಜಾಗವಿಲ್ಲ. ತುಟಿಬಣ್ಣ, ಕಣ್ಣುಬಣ್ಣಗಳ ಮಿನುಗಿಗೆ ಕಾರಣವಾದ ಅಭ್ರಕ ಪಟ್ಟಿಯಲ್ಲಿ ಸಿ.ಐ. 77019 ಎಂಬ ಅಂಕೆಯಾಗಿ ಇರುತ್ತದೆ. ಚರ್ಮಕ್ಕೆ ಅದರಿಂದ ತೊಂದರೆಯಿಲ್ಲವಾದ್ದರಿಂದ ಆ್ಯಪ್ ಹಸಿರು ತೋರಿಸಬಹುದು. ಜಾರ್ಖಂಡ್ ಮತ್ತು ಬಿಹಾರದ ಗಣಿಕುಳಿಗಳಲ್ಲಿ ಮಕ್ಕಳು ಅಭ್ರಕ ಆಯುತ್ತಿದ್ದ ಸಂಗತಿ ಮತ್ತೆ ಮತ್ತೆ ಬಯಲಾಗಿದೆ. ಅದು ಯಾವ ಚುಕ್ಕೆಯಲ್ಲಿ ಕಾಣುತ್ತದೆ?

ಕಪ್ಪತಗುಡ್ಡದ ತಪ್ಪಲಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡಸಾಲು ಗದಗ, ಶಿರಹಟ್ಟಿ, ಮುಂಡರಗಿ ಭಾಗಗಳಲ್ಲಿ ಹಬ್ಬಿದೆ. 2015ರ ಡಿಸೆಂಬರಿನಲ್ಲಿ ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರ ನವೆಂಬರಿನಲ್ಲಿ ಆ ಘೋಷಣೆಯನ್ನೇ ಹಿಂತೆಗೆದುಕೊಂಡಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ 2017ರ ಫೆಬ್ರವರಿಯಲ್ಲಿ ಜನ ಬೀದಿಗಿಳಿದರು, ಏಪ್ರಿಲ್‌ನಲ್ಲಿ ಸರ್ಕಾರ ಮಣಿಯಿತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಗುಡ್ಡವನ್ನು ಉಳಿಸಿದ್ದು ಬಿಡಿ ಬಿಡಿ ಗ್ರಾಹಕರ ಆಯ್ಕೆಯಲ್ಲ, ಒಗ್ಗೂಡಿ ಕೇಳಿದ ಜನರ ಬೇಡಿಕೆ.

ಈಗ ‘ಹರ್ಬಲ್’ ಎಂಬ ಹಸಿರು ಚುಕ್ಕೆ ಗುಡ್ಡಕ್ಕೆ ಇನ್ನೊಂದು ದಿಕ್ಕಿನಿಂದ ಒತ್ತಡ ತರಬಲ್ಲದು. ನೆಲ್ಲಿ, ಸೀಗೆ, ಲೋಳೆಸರ, ತಂಗಡಿ ಹೂ, ಅಂಟುವಾಳ ಇವುಗಳ ಹೆಸರು ಪಟ್ಟಿಯಲ್ಲಿದ್ದರೆ ಆ್ಯಪ್ ಮೆಚ್ಚುತ್ತದೆ, ಗ್ರಾಹಕರೂ ಮೆಚ್ಚುತ್ತಾರೆ. ಅದು ಬೆಳೆಸಿದ ನೆಲ್ಲಿಯೋ, ಕೊಂಬೆ ಕಡಿದು ಕಾಡಿನಿಂದ ತಂದ ನೆಲ್ಲಿಯೋ ಎಂಬುದನ್ನು ಪೊಟ್ಟಣ ಹೇಳುವುದಿಲ್ಲ. ವನ್ಯಜೀವಿಧಾಮದಿಂದ ಮಾರಾಟಕ್ಕಾಗಿ ಅರಣ್ಯೋತ್ಪನ್ನ ತರುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಡೆಯುತ್ತದೆ. ಆದರೂ ‘ಕಾಡಿನ ಶುದ್ಧ ಮೂಲಿಕೆ’ ಎಂಬ ಜಾಹೀರಾತನ್ನು ‘ಯಾವ ಕಾಡು?’ ಎಂದು ಕೇಳುವವರಿಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಆಶಯ, ಕಾಡಿನ ಸಂಪತ್ತಿನಿಂದ ಲಾಭ ಪಡೆಯುವವರು ಅದನ್ನು ಕಾಪಾಡಿದ ಜನರಿಗೆ ಪಾಲು ಕೊಡಬೇಕೆಂಬುದು. ದಿವ್ಯ ಫಾರ್ಮಸಿಯ ಪ್ರಕರಣದಲ್ಲಿ ಉತ್ತರಾಖಂಡ ಹೈಕೋರ್ಟ್ 2018ರ ಡಿಸೆಂಬರಿನಲ್ಲಿ ದೇಶೀಯ ಕಂಪನಿಗಳೂ ಪಾಲು ಕೊಡಬೇಕೆಂದು ಸ್ಪಷ್ಟಪಡಿಸಿತು. ಆದರೆ 2023ರ ತಿದ್ದುಪಡಿ, ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆಗೆ ಮತ್ತು ಬೆಳೆಸಿದ ಔಷಧೀಯ ಸಸ್ಯಗಳಿಗೆ ವಿನಾಯಿತಿ ಕೊಟ್ಟು ಆ ಹಿಡಿತವನ್ನು ಸಡಿಲಗೊಳಿಸಿತು. ಸಣ್ಣ ಪೊಟ್ಟಣಕ್ಕೊಂದು ವಿನಾಯಿತಿ, ದೊಡ್ಡ ಉದ್ಯಮಕ್ಕೊಂದು ವಿನಾಯಿತಿ. ಎರಡರ ಭಾರವೂ ತಪ್ಪಲಿನವರ ತಲೆಯ ಮೇಲೆ.

ಖಾಲಿಯಾದ ಪೊಟ್ಟಣದ ಗತಿಯೂ ನಮಗೆ ತಿಳಿದಿದೆ. ಪದರ ಪದರವಾಗಿ ಬೆಸೆದ ಆ ಪ್ಲಾಸ್ಟಿಕ್ಕನ್ನು ಗುಜರಿಯವರೂ ಮುಟ್ಟುವುದಿಲ್ಲ. 2022ರ ಜುಲೈನಲ್ಲಿ ಬಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ನ ನಿಷೇಧದ ಪಟ್ಟಿಯಲ್ಲಿ ಶಾಂಪೂ ಪೊಟ್ಟಣ ಇರಲಿಲ್ಲ. ಮಳೆಗಾಲದಲ್ಲಿ ಅದು ಹಳ್ಳ ಸೇರುತ್ತದೆ. ಮುಂಡರಗಿ, ಶಿರಹಟ್ಟಿಗಳ ಹಳ್ಳಗಳು ಹರಿಯುವುದು ತುಂಗಭದ್ರೆಯ ಕಡೆಗೆ. ಗದಗ-ಬೆಟಗೇರಿ ಕುಡಿಯುವುದೂ ಹಮ್ಮಿಗಿಯಿಂದ ಬರುವ ಅದೇ ತುಂಗಭದ್ರೆಯ ನೀರನ್ನು.

ಹಾಗಾದರೆ ಏನು ಮಾಡಬೇಕು?

‘ಏನೂ ಇಲ್ಲದಿರುವುದಕ್ಕಿಂತ ಆ್ಯಪ್ ಇರುವುದು ಮೇಲಲ್ಲವೇ?’ ಎಂದು ಕೇಳಬಹುದು. ಮೊಬೈಲು ಇರುವವರು, ಪಟ್ಟಿಯಿರುವ ಸೀಸೆ ಕೊಳ್ಳುವವರು ಬಳಸಲಿ, ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಆ್ಯಪ್ ಇದೆಯೆಂದು ಸರ್ಕಾರ ಕೈತೊಳೆದುಕೊಳ್ಳುವುದಕ್ಕೆ ಮತ್ತು ‘ನೋಡಿ ಕೊಳ್ಳಬೇಕಿತ್ತು’ ಎಂದು ಬಾಧಿತೆಯ ಮೇಲೆಯೇ ತಪ್ಪು ಹೊರಿಸುವುದಕ್ಕೆ. ಜರ್ಮನಿಯ ಬುಂಡ್ ಸಂಘಟನೆ ತನ್ನ ಆ್ಯಪನ್ನು ಆಟಿಕೆ, ಗೃಹಬಳಕೆಯ ವಸ್ತುಗಳಿಗೆ ವಿಸ್ತರಿಸಿದಾಗ ಅದನ್ನು ಪ್ರಶ್ನೆ ಕೇಳುವ ಸಾಧನವನ್ನಾಗಿ ಮಾಡಿತು. ಅತಿ ಕಳವಳಕಾರಿ ರಾಸಾಯನಿಕ ಅದರಲ್ಲಿದೆಯೇ ಎಂದು ಗ್ರಾಹಕರು ಕೇಳಿದರೆ ಮಾರುವವರು 45 ದಿನಗಳೊಳಗೆ ಉತ್ತರಿಸಬೇಕೆಂಬ ಯುರೋಪಿನ ಕಾನೂನು ಅದರ ಬೆನ್ನಿಗಿದೆ. ನಮಗೆ ಬೇಕಾಗಿರುವುದು ಆ ಬೆನ್ನೆಲುಬು.

ಅಂಥ ಒಂದು ಅಸ್ತ್ರ ನಮ್ಮ ಕೈಯಲ್ಲಿಯೂ ಇದೆ, ಬಳಸಿದವರು ಕಡಿಮೆ. 1940ರ ಅಧಿನಿಯಮದ 26ನೆಯ ಕಲಮಿನ ಪ್ರಕಾರ ಯಾವುದೇ ವ್ಯಕ್ತಿ ಅಥವಾ ಮಾನ್ಯತೆ ಪಡೆದ ಗ್ರಾಹಕ ಸಂಘ, ತಾನು ಕೊಂಡ ಔಷಧವನ್ನಾಗಲೀ ಸೌಂದರ್ಯ ಸಾಧನವನ್ನಾಗಲೀ ನಿಗದಿತ ಶುಲ್ಕದೊಡನೆ ಸರ್ಕಾರಿ ವಿಶ್ಲೇಷಕರಿಗೆ ಕಳುಹಿಸಿ, ಅವರ ಸಹಿಯುಳ್ಳ ಪರೀಕ್ಷಾ ವರದಿಯನ್ನು ಪಡೆಯುವ ಹಕ್ಕು ಹೊಂದಿದೆ. ಮೊಬೈಲಿನ ಚುಕ್ಕೆಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆ ಸಹಿಗೆ ಬೆಲೆಯಿದೆ. ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ, ಗದಗ-ಬೆಟಗೇರಿಯ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ತಮ್ಮ ತಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಸೌಂದರ್ಯ ಸಾಧನಗಳನ್ನು ಪಟ್ಟಿ ಮಾಡಿ, ಯಾವುದರ ಮೇಲೆ ಪದಾರ್ಥಗಳ ವಿವರವಿದೆ, ಯಾವುದರ ಮೇಲೆ ತಯಾರಕರ ವಿಳಾಸವೂ ಪರವಾನಗಿ ಸಂಖ್ಯೆಯೂ ಇಲ್ಲ ಎಂದು ದಾಖಲಿಸಲಿ. ಅನುಮಾನಾಸ್ಪದವಾದುದನ್ನು ರಸೀದಿ ಪಡೆದು ಕೊಂಡು ಪರೀಕ್ಷೆಗೆ ಕಳುಹಿಸಲಿ. ಶುಲ್ಕಕ್ಕೆ ಊರು, ಸಂಘ, ಮಠ ಯಾವುದಾದರೂ ನೆರವಾಗಲಿ.

ಗ್ರಾಮಸಭೆಗಳಿಗೆ ಎರಡು ಕೆಲಸಗಳಿವೆ. ಪಂಚಾಯಿತಿಯ ಕಪಾಟಿನಲ್ಲಿರುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ತೆರೆಸಿ, ಅದರಲ್ಲಿ ನಮ್ಮ ಗುಡ್ಡದ ಗಿಡಮೂಲಿಕೆಗಳೂ ಅವನ್ನು ಬಲ್ಲವರ ತಿಳಿವಳಿಕೆಯೂ ಸರಿಯಾಗಿ ಸೇರಿವೆಯೇ ಎಂದು ನೋಡಬೇಕು. ಔಷಧ ಪರಿವೀಕ್ಷಕರು ಕಳೆದ ಮೂರು ವರ್ಷಗಳಲ್ಲಿ ನಮ್ಮ ತಾಲ್ಲೂಕಿನಿಂದ ಎಷ್ಟು ಸೌಂದರ್ಯ ಸಾಧನಗಳ ಮಾದರಿ ತೆಗೆದಿದ್ದಾರೆ, ಫಲಿತಾಂಶವೇನು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಬೇಕು. ಉತ್ತರ ಏನೇ ಬರಲಿ, ಅದನ್ನು ಊರ ಮುಂದೆ ಓದಬೇಕು.

ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳು ನಾಲ್ಕು. ಒಂದು, 60 ಮಿಲಿಲೀಟರ್ ಮತ್ತು 30 ಗ್ರಾಮಿನ ವಿನಾಯಿತಿ ರದ್ದಾಗಬೇಕು. ಎರಡು, ಕೂದಲಿನ ಬಣ್ಣಕ್ಕಿರುವ ಸ್ಥಳೀಯ ಭಾಷೆಯ ನಿಯಮ ಎಲ್ಲ ಸೌಂದರ್ಯ ಸಾಧನಗಳಿಗೂ ಅನ್ವಯವಾಗಬೇಕು. ಮೂರು, ಜಾತ್ರೆ, ಸಂತೆಗಳ ಕಾಲದಲ್ಲಿ ಬಿಡಿ ಮಾರಾಟದ ವಸ್ತುಗಳ ಮಾದರಿ ತೆಗೆದು ಪಾದರಸ, ಸೀಸಗಳಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ನಾಲ್ಕು, ‘ಹರ್ಬಲ್’ ಎಂದು ಮಾರುವವರು ಆ ಮೂಲಿಕೆಯ ಮೂಲವನ್ನು, ಅದು ಬೆಳೆಸಿದ್ದೋ ಕಾಡಿನದೋ ಎಂಬುದನ್ನು, ಪೊಟ್ಟಣದ ಮೇಲೆ ಹೇಳಬೇಕು.

ಇವೆಲ್ಲದರ ಆಳದಲ್ಲಿ ಇನ್ನೊಂದು ಮಾತಿದೆ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ಯ ಹೆಸರಿನಿಂದ ‘ಫೇರ್’ ಎಂಬ ಪದವನ್ನು 2020ರಲ್ಲಿ ಕೈಬಿಡಲಾಯಿತು. ಹೆಸರು ಬದಲಾಯಿತು, ಬೆಳ್ಳಗಿದ್ದರೇ ಚೆಲುವೆಂಬ ಮದುವೆ ಮಾರುಕಟ್ಟೆಯ ಲೆಕ್ಕ ಬದಲಾಗಲಿಲ್ಲ. ಎರೆಮಣ್ಣಿನ ನಾಡಿನಲ್ಲಿ ಬಿಸಿಲಲ್ಲಿ ದುಡಿವ ಹೆಣ್ಣಿಗೆ ತನ್ನ ಬಣ್ಣವೇ ಕೊರತೆಯೆಂದು ಹೇಳಿಕೊಟ್ಟವರು ಯಾರು? ಅದನ್ನು ಸ್ಕ್ಯಾನ್ ಮಾಡಿ ಕೆಂಪು ಚುಕ್ಕೆ ತೋರಿಸುವ ಆ್ಯಪ್ ಇಲ್ಲ. ಅದನ್ನು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಮಠಮಸೀದಿಗಳ ಅಂಗಳದಲ್ಲಿ ನಾವೇ ಮಾತನಾಡಿ ಮುಗಿಸಬೇಕು.

ಉಳಿದುದನ್ನು ಕಾನೂನು ಮಾಡಬೇಕು. ಮಾಡುವವರೆಗೆ ಕೇಳುವುದನ್ನು ನಾವು ನಿಲ್ಲಿಸಬಾರದು.